ಅಶ್ಮರಿಯೂ ಶಸ್ತ್ರವೂ



ಕಣ್ಣು ನೋಯುವವನು ದಾರಿಯಲ್ಲಿ ಕಂಡವರಿಗೆಲ್ಲ ತನ್ನ ನೋವನ್ನು ಹೇಳಿಕೊಳ್ಳುವನು. ಹಲ್ಲು ನೋಯುವವನ ನರಳಾಟ ನೆರೆಮನೆಗೂ ಕೇಳಿಸುವುದು. ಮೂತ್ರ ಕಟ್ಟಿದವನೂ ವೃಷಣ ಊದಿಕೊಂಡವನೂ ಮಾತ್ರ ತಮ್ಮ ಸಂಕಟವನ್ನು ಒಳಗೊಳಗೇ ಅಡಗಿಸಿಟ್ಟುಕೊಂಡು, ಮನೆಯವರಿಗೂ ತಿಳಿಸದೆ, ರೋಗ ಕೈಮೀರಿದ ಮೇಲೆ ವೈದ್ಯನ ಬಾಗಿಲಿಗೆ ಬರುವರು. ಸ್ತ್ರೀಯರ ಸಂಗತಿಯನ್ನಂತು ಹೇಳಬೇಕಾದುದೇ ಇಲ್ಲ. ಹೀಗೆ ಹೇಳಿಕೊಳ್ಳಲು ನಾಚುವ ರೋಗಗಳಿಗೂ ಒಂದು ಚರಿತ್ರೆಯುಂಟೆಂಬುದೂ, ಅದು ನಮ್ಮ ದೇಶದ ಶಸ್ತ್ರವೈದ್ಯದ ಘನವಾದ ಅಧ್ಯಾಯಗಳಲ್ಲಿ ಒಂದೆಂಬುದೂ ಬಹುಜನರಿಗೆ ತಿಳಿಯದು. ಆದುದರಿಂದ ಮೂತ್ರಾಶಯದ ಕಲ್ಲು, ಅಂಡವೃದ್ಧಿ ಮೊದಲಾದ ರೋಗಗಳಿಗೆ ಹಿಂದಿನವರು ಶಸ್ತ್ರದಿಂದ ಮಾಡುತ್ತಿದ್ದ ಚಿಕಿತ್ಸೆ ಯಾವುದು, ಅದು ಹೇಗೆ ಕೈಬಿಟ್ಟುಹೋಯಿತು, ಮತ್ತೆ ಹೇಗೆ ನಮ್ಮ ನಾಡಿಗೆ ಬಂದಿತು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಈ ವಿಚಾರವನ್ನು ತುಳುನಾಡಿನ ಒಂದು ಗ್ರಾಮದಿಂದ ಆರಂಭಿಸುವುದು ಉಚಿತವಾಗಿರುವುದು. ಮೂಡುಬಿದಿರೆಯ ನೆರೆಯಲ್ಲಿರುವ ಪುತ್ತಿಗೆ ಒಂದು ಕಾಲಕ್ಕೆ ಚೌಟ ಅರಸರ ನೆಲೆಯಾಗಿದ್ದಿತು. ಜೈನರಾದ ಈ ಅರಸರು ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಲ್ಲಿ ನೆಲಸಿ ಆಳಿದವರು. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಲು ದೂರದೂರದಿಂದ ಜನ ಬರುವರು. ಆ ಕಲ್ಲಿನ ಕಂಬಗಳಿಗಿಂತಲೂ ಬೆಲೆಯುಳ್ಳ ಸಂಪತ್ತು ಅಲ್ಲಿಯ ಓಲೆಗರಿಯ ಗ್ರಂಥಗಳು. ಧವಲ, ಜಯಧವಲ, ಮಹಾಧವಲಗಳ ಹಳೆಯ ಪ್ರತಿಗಳು ಶತಮಾನಗಳವರೆಗೆ ಉಳಿದುಬಂದುದು ಅಲ್ಲಿಯೇ. ವಿದ್ವಾನ್ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡನಾಡಿನ ಇಂತಹ ಓಲೆಗ್ರಂಥಗಳನ್ನು ಒಂದೊಂದಾಗಿ ನೋಡಿ ಸಿದ್ಧಪಡಿಸಿದ ಸೂಚಿಯು ೧೯೪೮ರಲ್ಲಿ ಕಾಶಿಯಿಂದ ಪ್ರಕಟವಾಯಿತು. ಸಿದ್ಧಾಂತ, ಪುರಾಣ, ಕಾವ್ಯಗಳ ಸಾಲಿನಲ್ಲಿ ವೈದ್ಯಕ್ಕೂ ಅಲ್ಲಿ ಸ್ಥಾನವಿದೆ. ಮಠ ಬಸದಿಗಳ ಆಶ್ರಯದಲ್ಲಿ ವೈದ್ಯವು ವಿದ್ಯೆಯೆನಿಸಿಕೊಂಡು ಉಳಿಯಿತು. ಆದರೆ ಗ್ರಂಥದಲ್ಲಿ ಉಳಿದುದು ಕೈಯಲ್ಲಿಯೂ ಉಳಿಯಿತೇ? ನಮ್ಮ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸಿಗಬೇಕಾದರೆ ಮೊದಲು ಆ ವಿದ್ಯೆಯ ಮೂಲಕ್ಕೆ ಹೋಗಬೇಕು.

ಭಾರತೀಯ ಶಸ್ತ್ರವೈದ್ಯಕ್ಕೆ ಮೂಲಗ್ರಂಥ ಸುಶ್ರುತಸಂಹಿತೆ. ಸುಶ್ರುತನು ಎಂಟು ಮಹಾರೋಗಗಳನ್ನು ಎಣಿಸಿರುವನು. ವಾತವ್ಯಾಧಿ, ಪ್ರಮೇಹ, ಕುಷ್ಠ, ಮೂಲವ್ಯಾಧಿ, ಭಗಂದರ, ಮೂಢಗರ್ಭ, ಉದರಗಳ ಜೊತೆಗೆ ಅಶ್ಮರಿಯೂ ಒಂದು. ಅಶ್ಮರಿಯೆಂದರೆ ಮೂತ್ರಾಶಯದಲ್ಲಿ ಬೆಳೆಯುವ ಕಲ್ಲು. ಈಗ ಕಲ್ಲಿನ ರೋಗವೆಂದೊಡನೆ ನಮಗೆ ಮೂತ್ರಪಿಂಡದ ಕಲ್ಲೂ ನಡುವಯಸ್ಸಿನ ಗಂಡಸರೂ ನೆನಪಿಗೆ ಬರುವರು. ಹಿಂದೆ ಹಾಗಿರಲಿಲ್ಲ. ಮೂತ್ರಾಶಯದ ಕಲ್ಲು ಬಹುಮಟ್ಟಿಗೆ ಬಡವರ ಮಕ್ಕಳ ರೋಗವಾಗಿದ್ದಿತು. ಸುಶ್ರುತನೂ ಇದು ಹೆಚ್ಚಾಗಿ ಬಾಲಕರಿಗೆ ಬರುವುದೆಂದೂ, ಅವರ ಶರೀರ ಚಿಕ್ಕದಾದುದರಿಂದ ಕಲ್ಲನ್ನು ಹಿಡಿದು ತೆಗೆಯುವುದು ಸುಲಭವೆಂದೂ ಹೇಳಿರುವನು. ಮೂತ್ರ ಹೊರಡುವಾಗಲೆಲ್ಲ ಮಗು ಚೀರಿಕೊಳ್ಳುವುದು, ಧಾರೆ ನಡುವೆ ಕಡಿದು ನಿಲ್ಲುವುದು, ರಕ್ತ ಬೀಳುವುದು. ಇದು ವರ್ಷಗಟ್ಟಲೆ ನಡೆದು, ಕೊನೆಗೆ ಮೂತ್ರ ಕಟ್ಟಿ ಪ್ರಾಣ ಹೋಗುವುದು.

ಇಂತಹ ರೋಗಕ್ಕೆ ಸುಶ್ರುತನು ಮೊದಲು ತುಪ್ಪ, ತೈಲ, ಕ್ಷಾರ, ಕಷಾಯಗಳನ್ನು ವಿಧಿಸಿರುವನು. ಅವುಗಳಿಂದ ಗುಣವಾಗದೆ ಹೋದರೆ ಮಾತ್ರ ಶಸ್ತ್ರ. ಶಸ್ತ್ರ ಹಿಡಿಯುವುದಕ್ಕೆ ಮುಂಚೆ ಅವನು ಒಂದು ಕಟ್ಟಳೆಯನ್ನು ಇಟ್ಟಿರುವನು. ಅದನ್ನು ಗಮನವಿಟ್ಟು ಕೇಳಬೇಕು. ಶಸ್ತ್ರಕ್ರಿಯೆ ಮಾಡದಿದ್ದರೆ ಮರಣ ನಿಶ್ಚಯ, ಮಾಡಿದರೆ ಬದುಕುವುದು ಸಂಶಯ. ಆದುದರಿಂದ ವೈದ್ಯನು ಒಡೆಯನಿಗೆ ಈ ಸಂಗತಿಯನ್ನು ತಿಳಿಸಿ ಅಪ್ಪಣೆ ಪಡೆದೇ ಮುಂದುವರಿಯತಕ್ಕುದು. ಅಪಾಯವನ್ನು ಬಚ್ಚಿಟ್ಟು ಕತ್ತಿ ಹಾಕಬಾರದೆಂಬ ಈ ಮಾತು, ಈಗ ಆಸ್ಪತ್ರೆಗಳಲ್ಲಿ ಒಪ್ಪಿಗೆಯ ಪತ್ರಕ್ಕೆ ರುಜು ಹಾಕಿಸುವ ಪದ್ಧತಿಗೆ ಎಷ್ಟು ಹತ್ತಿರವಾಗಿದೆ ನೋಡಿ. ಒಂದು ಭೇದವನ್ನಂತು ಮರೆಯಲಾಗದು: ಅಂದು ಕೇಳಬೇಕಾಗಿದ್ದುದು ಒಡೆಯನನ್ನು, ಇಂದು ಕೇಳುವುದು ರೋಗಿಯನ್ನು.

ಇನ್ನು ಕ್ರಿಯೆಯ ವಿಧಾನ. ಮೊಳಕಾಲೆತ್ತರದ ಹಲಗೆಯ ಮೇಲೆ ಬಲಿಷ್ಠನೂ ಧೈರ್ಯಶಾಲಿಯೂ ಆದ ಒಬ್ಬನನ್ನು ಕುಳ್ಳಿರಿಸಿ, ಅವನ ತೊಡೆಯ ಮೇಲೆ ರೋಗಿಯ ಮೇಲ್ಮೈಯನ್ನು ಒರಗಿಸಿ ಮಲಗಿಸುವರು. ಸೊಂಟವನ್ನು ಎತ್ತರಿಸಿ, ಮಡಿಸಿದ ಮೊಣಕಾಲುಗಳನ್ನೂ ಮೊಣಕೈಗಳನ್ನೂ ಬಟ್ಟೆಯಿಂದ ಕಟ್ಟುವರು. ಹೊಕ್ಕುಳ ಕೆಳಗೆ ಎಣ್ಣೆ ಹಚ್ಚಿ, ಕಲ್ಲು ಕೆಳಕ್ಕೆ ಇಳಿಯುವವರೆಗೆ ಒತ್ತುವರು. ವೈದ್ಯನು ಉಗುರು ತೆಗೆದು ಎಣ್ಣೆ ಸವರಿದ ಎಡಗೈಯ ಎರಡು ಬೆರಳುಗಳನ್ನು ಗುದದೊಳಕ್ಕೆ ಹಾಯಿಸಿ, ಕಲ್ಲನ್ನು ಮುಂದಕ್ಕೆ ತಳ್ಳಿ, ಅದು ಗಂಟಿನಂತೆ ಹೊರಕ್ಕೆ ಉಬ್ಬುವಂತೆ ಮಾಡುವನು. ಅನಂತರ ಸೇವನಿಯೆಂಬ ನಡುಗೆರೆಯಿಂದ ಒಂದು ಯವೆಯ ಕಾಳಿನಷ್ಟು ಎಡಕ್ಕೆ ಬಿಟ್ಟು, ಕಲ್ಲಿನ ಗಾತ್ರಕ್ಕೆ ತಕ್ಕಂತೆ ಕೊಯ್ಯುವನು. ಕಲ್ಲು ಒಡೆಯದಂತೆ, ಪುಡಿಯಾಗದಂತೆ, ತುದಿ ಬಾಗಿದ ಸಲಕರಣೆಯಿಂದ ಅದನ್ನು ಇಡಿಯಾಗಿ ಹೊರತೆಗೆಯಬೇಕು. ಚೂರು ಉಳಿದರೂ ಅದು ಮತ್ತೆ ಬೆಳೆಯುವುದು. ತರುವಾಯ ರೋಗಿಯನ್ನು ಬಿಸಿನೀರಿನ ದೋಣಿಯಲ್ಲಿ ಕುಳ್ಳಿರಿಸುವುದು; ಇದರಿಂದ ಮೂತ್ರಾಶಯದಲ್ಲಿ ರಕ್ತ ತುಂಬದು. ಒಂದು ವರ್ಷದವರೆಗೆ ಕುದುರೆ ಆನೆಗಳನ್ನೇರುವುದು, ಬೆಟ್ಟ ಮರ ಹತ್ತುವುದು, ಈಜುವುದು, ಸ್ತ್ರೀಸಂಗ, ಜಡವಾದ ಊಟ ಇವೆಲ್ಲ ವರ್ಜ್ಯ.

ಶಸ್ತ್ರ ತಾಗಬಾರದ ಎಂಟು ಸ್ಥಳಗಳನ್ನೂ ಸುಶ್ರುತನು ಹೆಸರಿಸಿರುವನು. ಸ್ತ್ರೀಯರಲ್ಲಿ ಗರ್ಭಾಶಯವು ಮೂತ್ರಾಶಯಕ್ಕೆ ಅಂಟಿಕೊಂಡಂತೆ ಇರುವುದರಿಂದ ಬೇರೆ ರೀತಿಯಲ್ಲಿ ಕೊಯ್ಯಬೇಕೆಂದೂ, ತಪ್ಪಿದರೆ ಸದಾ ಮೂತ್ರ ಸುರಿಯುವ ಹುಣ್ಣಾಗುವುದೆಂದೂ ಎಚ್ಚರಿಸಿರುವನು. ಇಂತಹ ಎಚ್ಚರಿಕೆ ಬರಿಯ ಊಹೆಯಿಂದ ಹುಟ್ಟತಕ್ಕುದಲ್ಲ. ಯಾವಳೋ ಒಬ್ಬ ಹೆಣ್ಣುಮಗಳು ಆ ಕಷ್ಟವನ್ನು ಅನುಭವಿಸಿದ್ದನ್ನು ಕಣ್ಣಾರೆ ಕಂಡವರು ಬರೆದ ಮಾತು ಅದು.

ಕಲ್ಲಿನಂತೆಯೇ ಇತರ ಗುಹ್ಯರೋಗಗಳಿಗೂ ಸಂಹಿತೆಯಲ್ಲಿ ವಿಧಾನವುಂಟು. ಅಂಡವೃದ್ಧಿಯಲ್ಲಿ ಏಳು ಬಗೆ. ನೀರು ತುಂಬಿದುದನ್ನು ಭತ್ತದ ಕಾಳಿನಂತೆ ಮೊನೆಯುಳ್ಳ ಶಸ್ತ್ರದಿಂದ ಸೇವನಿಯ ಬದಿಯಲ್ಲಿ ಚುಚ್ಚಿ, ಎರಡು ಬಾಯುಳ್ಳ ಕೊಳವೆಯಿಟ್ಟು ನೀರನ್ನು ಹರಿಯಬಿಟ್ಟು ಕಟ್ಟು ಕಟ್ಟಬೇಕು. ಮುಂದೊಗಲು ಬಿಗಿದು ಮೂತ್ರಕ್ಕೆ ತಡೆಯಾದರೆ, ಲೋಹದ, ಮರದ ಅಥವಾ ಅರಗಿನ ಕೊಳವೆಗೆ ತುಪ್ಪ ಸವರಿ ಸೇರಿಸಿ, ಮೂರು ಮೂರು ದಿನಕ್ಕೊಮ್ಮೆ ಅದಕ್ಕಿಂತ ದಪ್ಪನೆಯದನ್ನು ಹಾಕುತ್ತ ದಾರಿಯನ್ನು ಅಗಲಮಾಡಬೇಕು. ಮಲಮಾರ್ಗಕ್ಕೂ ಮೂತ್ರಾಶಯಕ್ಕೂ ನಡುವೆ ಗುಂಡುಕಲ್ಲಿನಂತೆ ಗಟ್ಟಿಯಾದ ಗಂಟು ಬೆಳೆದು ಮೂತ್ರವನ್ನು ತಡೆಯುವ ರೋಗವನ್ನೂ ಉತ್ತರತಂತ್ರದಲ್ಲಿ ವರ್ಣಿಸಿದೆ. ಮುದುಕರಿಗೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಾಗ ಆಗುವ ಬಾಧೆಯೊಡನೆ ಇದನ್ನು ಪಂಡಿತರು ಹೋಲಿಸುವರು.

ಈ ವಿದ್ಯೆ ಕನ್ನಡನಾಡಿಗೆ ಅಪರಿಚಿತವಾಗಿರಲಿಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದವನಾದ ಜೈನಮುನಿ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿದನು. ಅದು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಹೊರಬಂದಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂದು ಕನ್ನಡಕ್ಕೆ ತಂದನು. ಉಗ್ರಾದಿತ್ಯನು ಔಷಧದಲ್ಲಿ ಮಾಂಸ, ಮದ್ಯ, ಜೇನುಗಳನ್ನು ಕಡ್ಡಾಯವಾಗಿ ನಿಷೇಧಿಸಿದವನು. ಆದರೆ ಶಸ್ತ್ರ, ಕ್ಷಾರ, ಅಗ್ನಿ, ಜಿಗಣೆಗಳ ಚಿಕಿತ್ಸೆಯನ್ನು ಅವನು ಬಿಟ್ಟುಬಿಡಲಿಲ್ಲ.

ಇದನ್ನು ಒತ್ತಿಹೇಳುವುದಕ್ಕೆ ಕಾರಣವುಂಟು. ಅಹಿಂಸಾಧರ್ಮವು ಹರಡಿದುದರಿಂದ ಭಾರತದ ಶಸ್ತ್ರವೈದ್ಯ ನಾಶವಾಯಿತೆಂದು ಹಲವರು ಬರೆದಿರುವರು. ಜೈನರ ಗ್ರಂಥಗಳನ್ನೇ ನೋಡಿದರೆ ಈ ಮಾತು ನಿಲ್ಲದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪಾಪಪುಣ್ಯಗಳ ವಿವೇಚನೆ ಮಾಡುವಾಗ ವೈದ್ಯನನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿರುವರು: ಕರುಣೆಯುಳ್ಳ ವೈದ್ಯನು ಯತಿಯ ಮೈಮೇಲಿನ ಹುಣ್ಣನ್ನು ಕೊಯ್ಯುವಾಗ ನೋವುಂಟಾದರೂ ಅವನಿಗೆ ಪಾಪ ಅಂಟುವುದಿಲ್ಲವೆಂಬುದು ಅವರ ಅಭಿಪ್ರಾಯ. ಕತ್ತಿಯನ್ನು ಹಿಡಿದ ಮನಸ್ಸು ಎಂತಹುದೆಂಬುದೇ ಅಲ್ಲಿ ಮುಖ್ಯ.

ಹಾಗಾದರೆ ಶಸ್ತ್ರವು ವೈದ್ಯನ ಕೈಯಿಂದ ಜಾರಿದುದೇಕೆ? ಕಾರಣ ಒಂದಲ್ಲ. ಸುಶ್ರುತನು ಹೆಣವನ್ನು ಹರಿಯುವ ನೀರಿನಲ್ಲಿ ಏಳು ದಿನ ನೆನೆಯಿಟ್ಟು, ಪದರ ಪದರವಾಗಿ ಬಿಡಿಸಿ, ಶರೀರವನ್ನು ಕಣ್ಣಿನಿಂದ ಕಲಿಯಬೇಕೆಂದು ವಿಧಿಸಿದ್ದನು. ಮಡಿಮೈಲಿಗೆಯ ಕಟ್ಟು ಬಿಗಿಯಾದಂತೆ ಹೆಣವನ್ನು ಮುಟ್ಟುವುದೂ ರಕ್ತ ಕೀವುಗಳಲ್ಲಿ ಕೈಯಾಡಿಸುವುದೂ ಕೀಳೆನಿಸಿತು. ಮನುಸ್ಮೃತಿಯು ವೈದ್ಯನ ಅನ್ನವನ್ನೇ ಕೀವಿಗೆ ಸಮಾನವೆಂದಿದೆ. ರಸೌಷಧಗಳು ಬೆಳೆದುವು, ಓದುಬಲ್ಲ ವೈದ್ಯನು ಗುಳಿಗೆ ಕಷಾಯಗಳಲ್ಲಿ ನಿಂತನು. ಶಸ್ತ್ರವು ಓದುಬಾರದ ಕಸಬುದಾರರ ಪಾಲಾಯಿತು. ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕೋವಾಸ್ಜಿ ಎಂಬ ಗಾಡಿಯವನಿಗೆ ಪುಣೆಯ ಕಡೆಯ ಒಬ್ಬ ಕಸಬುದಾರನು ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿಕೊಟ್ಟ ಸಂಗತಿ ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಯೂರೋಪಿನ ವೈದ್ಯರನ್ನು ಬೆರಗುಗೊಳಿಸಿತು. ಉತ್ತರ ಹಿಂದುಸ್ಥಾನದಲ್ಲಿ ವಂಶಪಾರಂಪರ್ಯವಾಗಿ ಮೂತ್ರಾಶಯದ ಕಲ್ಲು ತೆಗೆಯುವವರು ಇದ್ದರು. ಇವರ ಕೈಯಲ್ಲಿ ಸುಶ್ರುತನ ವಿದ್ಯೆಯ ತುಣುಕು ಉಳಿದಿದ್ದಿತು. ಆದರೆ ಶಾಸ್ತ್ರ ಇವರಿಗೆ ತಿಳಿಯದು. ಶಾಸ್ತ್ರ ಮೂಡುಬಿದಿರೆಯಂತಹ ಸ್ಥಳಗಳಲ್ಲಿ ಓಲೆಗರಿಯ ಕಟ್ಟುಗಳಲ್ಲಿದ್ದಿತು, ಅದಕ್ಕೆ ಕೈಯಿಲ್ಲ.

ಈ ಗತಿಯನ್ನು ಸುಶ್ರುತನು ಮುಂಚೆಯೇ ಕಂಡಿದ್ದನೋ ಎಂಬಂತೆ ತೋರುವುದು. ಶಾಸ್ತ್ರ ಮಾತ್ರ ಬಲ್ಲವನು ರೋಗಿಯ ಮುಂದೆ ಹೇಡಿಯು ರಣರಂಗದಲ್ಲಿ ಕಂಗೆಡುವಂತೆ ಕಂಗೆಡುವನೆಂದೂ, ಕೆಲಸ ಮಾತ್ರ ಬಲ್ಲವನು ರಾಜದಂಡನೆಗೆ ಅರ್ಹನೆಂದೂ, ಇಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳೆಂದೂ ಅವನು ಹೇಳಿರುವನು. ಅದಕ್ಕಾಗಿಯೇ ಶಿಷ್ಯನು ಸೋರೆ, ಕುಂಬಳ ಮೊದಲಾದ ಕಾಯಿಗಳನ್ನು ಕೊಯ್ದು, ನೀರು ತುಂಬಿದ ತೊಗಲ ಚೀಲಗಳನ್ನು ಸೀಳಿ ಅಭ್ಯಾಸಮಾಡಬೇಕೆಂದು ನಿಯಮಿಸಿದನು. ಆ ಹಕ್ಕಿಯ ಎರಡು ರೆಕ್ಕೆಗಳು ನಮ್ಮ ದೇಶದಲ್ಲಿ ಬೇರೆಬೇರೆಯಾಗಿ ಬಿದ್ದುವು.

ಈ ದೌರ್ಭಾಗ್ಯ ನಮ್ಮೊಬ್ಬರದೇ ಎಂದು ತಿಳಿಯಬಾರದು. ಗ್ರೀಕರ ಹಿಪ್ಪಾಕ್ರಟಿಸ್ ಹೆಸರಿನ ವೈದ್ಯಪ್ರತಿಜ್ಞೆಯಲ್ಲಿಯೂ ಕಲ್ಲಿಗಾಗಿ ಕೊಯ್ಯುವ ಕೆಲಸವನ್ನು ಅದರಲ್ಲಿ ಪಳಗಿದವರಿಗೇ ಬಿಡಬೇಕೆಂದು ಇದೆ. ಯೂರೋಪಿನಲ್ಲಿಯೂ ಬಹುಕಾಲ ಊರೂರು ಸುತ್ತುವ ಕಸಬುದಾರರೇ ಕಲ್ಲು ತೆಗೆಯುತ್ತಿದ್ದರು. ಇಂಗ್ಲೆಂಡಿನ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸನು ೧೬೫೮ರಲ್ಲಿ, ಪ್ರಜ್ಞೆ ತಪ್ಪಿಸುವ ಔಷಧವಿಲ್ಲದ ಕಾಲದಲ್ಲಿ, ಈ ಶಸ್ತ್ರಕ್ಕೆ ಮೈಯೊಡ್ಡಿ ಬದುಕಿದನು. ಆ ದಿನವನ್ನು ವರ್ಷವರ್ಷವೂ ಹಬ್ಬದಂತೆ ನೆನೆಯುತ್ತಿದ್ದನು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಚೆಸೆಲ್ಡನ್ ಎಂಬ ಶಸ್ತ್ರವೈದ್ಯನು ಶರೀರಶಾಸ್ತ್ರವನ್ನು ಚೆನ್ನಾಗಿ ಕಲಿತು ಈ ಕ್ರಿಯೆಯನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುವಂತೆ ತಿದ್ದಿದನು. ಅಲ್ಲಿ ಓದೂ ಕೈಯೂ ಮತ್ತೆ ಕೂಡಿದುವು. ಫಲವನ್ನು ಲೋಕವೇ ಕಂಡಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬದಲಾವಣೆ ಬಹು ಬೇಗ ಬಂದಿತು. ೧೮೨೪ರಲ್ಲಿ ಪ್ಯಾರಿಸಿನ ಸಿವಿಯಾಲನು ಕೊಯ್ಯದೆಯೇ, ಮೂತ್ರದ್ವಾರದಿಂದ ಸಲಕರಣೆಯನ್ನು ಹಾಯಿಸಿ ಕಲ್ಲನ್ನು ಪುಡಿಮಾಡಿದನು. ೧೮೪೭ರಲ್ಲಿ ಕ್ಲೋರೋಫಾರ್ಮ್ ಬಂದಿತು. ೧೮೬೭ರಲ್ಲಿ ಲಿಸ್ಟರನು ಗಾಯ ಕೊಳೆಯದಂತೆ ಕಾಪಾಡುವ ಕ್ರಮವನ್ನು ಪ್ರಕಟಿಸಿದನು. ೧೮೭೮ರಲ್ಲಿ ಅಮೆರಿಕದ ಬಿಗೆಲೋ ಕಲ್ಲನ್ನು ಪುಡಿಮಾಡಿದ ಕೂಡಲೆ ಎಲ್ಲವನ್ನೂ ತೊಳೆದು ತೆಗೆಯುವ ವಿಧಾನವನ್ನು ತೋರಿಸಿದನು. ಚೂರು ಉಳಿಯಬಾರದೆಂಬ ಸುಶ್ರುತನ ಎಚ್ಚರಿಕೆಗೆ ಇಲ್ಲಿ ಬೇರೊಂದು ಪರಿಹಾರ ದೊರೆಯಿತು. ಈ ವಿಧಾನವನ್ನು ಮಕ್ಕಳಲ್ಲಿಯೂ ನಡೆಸಬಹುದೆಂದು ೧೮೮೦ರ ದಶಕದಲ್ಲಿ ತೋರಿಸಿಕೊಟ್ಟವನು ಇಂದೂರಿನಲ್ಲಿದ್ದ ಕೀಗನ್. ಉತ್ತರ ಹಿಂದುಸ್ಥಾನದಲ್ಲಿ ಇದೇ ಕೆಲಸದಲ್ಲಿ ಪಳಗಿದ ಫ್ರೇಯರ್ ಆಮೇಲೆ ಲಂಡನ್ನಿಗೆ ಹೋಗಿ, ೧೯೦೦ರ ಸುಮಾರಿಗೆ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವ ಕ್ರಿಯೆಯಿಂದ ಪ್ರಸಿದ್ಧನಾದನು. ೧೯೮೦ರಲ್ಲಿ ಮ್ಯೂನಿಕ್ ನಗರದ ವೈದ್ಯರು ಮೈಗೆ ಶಸ್ತ್ರವನ್ನೇ ಸೋಕಿಸದೆ, ಹೊರಗಿನಿಂದ ಕಳುಹಿಸಿದ ಅಲೆಗಳಿಂದ ಮೂತ್ರಪಿಂಡದ ಕಲ್ಲನ್ನು ಒಡೆದರು.

ತುಳುನಾಡಿಗೆ ಈ ಹೊಸ ವೈದ್ಯ ಮಂಗಳೂರಿನ ಮೂಲಕ ಬಂದಿತು. ಈಗ ವೆನ್ಲಾಕ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆ ೧೮೪೮ರಲ್ಲಿ ಆರಂಭವಾಯಿತು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ, ವೈದ್ಯ ಕಲಿಯುವವರು ಮದರಾಸಿಗೆ ಹೋಗಬೇಕಾಗಿದ್ದಿತು. ೧೯೫೩ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಜಿಲ್ಲೆಯಲ್ಲಿಯೇ ವೈದ್ಯರು ತಯಾರಾದರು.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಮಕ್ಕಳ ಮೂತ್ರಾಶಯದ ಕಲ್ಲನ್ನು ಜಯಿಸಿದುದು ಕೊನೆಗೂ ಶಸ್ತ್ರವಲ್ಲ, ಊಟ. ಹಾಲು, ಬೇಳೆ, ಕಾಯಿಪಲ್ಲೆಗಳಿಲ್ಲದೆ ಒಂದೇ ಧಾನ್ಯದ ಗಂಜಿಯಲ್ಲಿ ಬೆಳೆದ ಮಕ್ಕಳಿಗೆ ಈ ರೋಗ ಹೆಚ್ಚೆಂಬುದು ಅನೇಕ ದೇಶಗಳ ಅನುಭವ. ನೀಲಗಿರಿಯ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವಿಜ್ಞಾನಿಯು ಇಲಿಗಳಿಗೆ ಸತ್ತ್ವಹೀನವಾದ ಆಹಾರವನ್ನು ತಿನ್ನಿಸಿ ಅವುಗಳಲ್ಲಿ ಕಲ್ಲು ಬೆಳೆಯುವುದನ್ನು ತೋರಿಸಿದನು. ಊಟ ಸುಧಾರಿಸಿದ ಕಡೆಗಳಲ್ಲೆಲ್ಲ, ಸುಶ್ರುತನು ಕಂಡ ಆ ಚೀರುವ ಮಗು ಕಾಣದಾಯಿತು.

ಕರಾವಳಿಯನ್ನು ಇದಕ್ಕಿಂತ ಹೆಚ್ಚಾಗಿ ಕಾಡಿದುದು ಅಂಡವೃದ್ಧಿ. ಆನೆಕಾಲು ರೋಗದ ಹುಳುವೇ ಇದಕ್ಕೂ ಒಂದು ಮುಖ್ಯ ಕಾರಣ. ಈ ಹುಳುವಿನ ಮರಿಗಳನ್ನು ೧೮೭೨ರಲ್ಲಿ ಕಲ್ಕತ್ತೆಯಲ್ಲಿ ಲೂಯಿಸನು ಮನುಷ್ಯನ ರಕ್ತದಲ್ಲಿ ಕಂಡನು. ಅವು ಸೊಳ್ಳೆಯ ದೇಹದಲ್ಲಿ ಬೆಳೆಯುವುವೆಂಬುದನ್ನು ೧೮೭೭ರಲ್ಲಿ ಚೀನದಲ್ಲಿದ್ದ ಮ್ಯಾನ್ಸನನು ಕಂಡುಹಿಡಿದನು. ಕೊಳೆನೀರಿನಲ್ಲಿ ಹುಟ್ಟುವ ಸೊಳ್ಳೆ ಕಚ್ಚಿದುದರ ಫಲ ವರ್ಷಗಳ ಮೇಲೆ ವೃಷಣದಲ್ಲಿ ನೀರಾಗಿ ತುಂಬಿಕೊಳ್ಳುವುದು. ಸುಶ್ರುತನಂತೆ ಚುಚ್ಚಿ ನೀರು ತೆಗೆದರೆ ಅದು ಮತ್ತೆ ತುಂಬುವುದು. ನೀರಿನ ಚೀಲವನ್ನೇ ಕತ್ತರಿಸುವುದು ಅಥವಾ ಮಗುಚಿ ಹೊಲಿಯುವುದು ಈಗಿನ ಕ್ರಮ. ಇದು ದೊಡ್ಡ ಶಸ್ತ್ರಕ್ರಿಯೆಯಲ್ಲ. ಆದರೂ ಲೋಕದಲ್ಲಿ ಎರಡೂವರೆ ಕೋಟಿ ಗಂಡಸರು ಈ ಹುಳುವಿನಿಂದಾದ ಅಂಡವೃದ್ಧಿಯಿಂದ ನರಳುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜುಮಾಡಿದೆ. ಭಾರತ ಸರ್ಕಾರ ೨೦೦೪ರಿಂದ ಹುಳುವಿನ ಔಷಧವನ್ನು ಮನೆಮನೆಗೆ ಹಂಚಿಸಿತು. ಕರ್ಣಾಟಕದ ಕರಾವಳಿ ಜಿಲ್ಲೆಗಳೂ ಆ ಯೋಜನೆಗೆ ಸೇರಿದ್ದುವು. ಔಷಧವು ಹೊಸ ರೋಗವನ್ನು ತಡೆಯಬಲ್ಲುದು. ಆಗಲೇ ತುಂಬಿದ ನೀರನ್ನು ತೆಗೆಯಲಾರದು. ಅದಕ್ಕೆ ರೋಗಿ ತಾನಾಗಿ ಆಸ್ಪತ್ರೆಗೆ ಬರಬೇಕು. ಅಗಲವಾಗಿ ಪಂಚೆ ಉಟ್ಟು, ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟು, ಮೈ ಬಗ್ಗಿಸಿ ದುಡಿಯಲಾರದೆ, ನಾಚಿಕೆಯಲ್ಲಿಯೇ ಆಯುಸ್ಸನ್ನು ಕಳೆಯುವವನನ್ನು ಯಾವ ಶಸ್ತ್ರವೈದ್ಯ ತಾನೆ ಉದ್ಧರಿಸಬಲ್ಲನು?

ಈಗ ಪುತ್ತಿಗೆಯ ನೆರೆಯ ಮೂಡುಬಿದಿರೆಯಲ್ಲಿಯೇ ಆಯುರ್ವೇದದ ಕಾಲೇಜು ಇದೆ. ೨೦೨೦ರಲ್ಲಿ ಸರ್ಕಾರದ ಒಂದು ಪ್ರಕಟಣೆಯು ಆಯುರ್ವೇದದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಲಿಯಬೇಕಾದ ೫೮ ಶಸ್ತ್ರಕ್ರಿಯೆಗಳನ್ನು ಪಟ್ಟಿಮಾಡಿತು. ಆಧುನಿಕ ವೈದ್ಯರ ಸಂಘವು ಇದನ್ನು ಬಲವಾಗಿ ವಿರೋಧಿಸಿತು. ಈ ವಿವಾದದಲ್ಲಿ ಯಾವ ಪಕ್ಷದವರು ಸುಶ್ರುತನ ಹೆಸರನ್ನು ಹೇಳಿದರೂ, ಅವನ ಅಳತೆಗೋಲನ್ನೂ ಒಪ್ಪಿಕೊಳ್ಳಬೇಕು. ಕೊಯ್ಯುವವನು ಶರೀರವನ್ನು ಕಣ್ಣಾರೆ ಕಲಿತಿರುವನೇ? ಅವನ ಕೈ ಅಭ್ಯಾಸದಿಂದ ಪಳಗಿರುವುದೇ? ಅಪಾಯವನ್ನು ಮುಚ್ಚದೆ ತಿಳಿಸಿ ಅಪ್ಪಣೆ ಪಡೆದಿರುವನೇ? ಈ ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದ ಮೇಲೆ ಅವನ ಪದವಿಯ ಹೆಸರನ್ನು ಕೇಳಬಹುದು.

ಓಲೆಗರಿಯಲ್ಲಿ ಬರೆದಿಟ್ಟ ವಿದ್ಯೆಗೆ ಕೈಯಿಲ್ಲದೆ ಹೋದುದರಿಂದ ನಮ್ಮ ನಾಡಿನಲ್ಲಿ ಎಷ್ಟೋ ಜೀವಗಳು ನಿಷ್ಕಾರಣವಾಗಿ ನಂದಿದುವು. ಈಗ ಗ್ರಂಥವೂ ಉಂಟು, ಕೈಯೂ ಉಂಟು. ಕೊರತೆಯಾಗಿರುವುದು ರೋಗಿಯ ಬಾಯಿಂದ ಹೊರಡಬೇಕಾದ ಒಂದು ಮಾತು. ಮನೆಯಲ್ಲಿ ತಂದೆಯೋ, ಅಣ್ಣನೋ, ಕೆಲಸದ ಆಳೋ ಆ ಮಾತನ್ನು ತಡೆತಡೆದು ಆಡಲು ಯತ್ನಿಸಿದಾಗ ನಗದೆ, ಮುಖ ತಿರುಗಿಸದೆ, ಕೇಳಿಸಿಕೊಂಡು ಆಸ್ಪತ್ರೆಗೆ ಜೊತೆಯಾಗಿ ಹೋಗುವುದು ನಮ್ಮೆಲ್ಲರಿಂದಲೂ ಆಗಬಹುದಾದ ಉಪಕಾರ.